ತೋರಿಸಬಾರದ ನಂಬರು

"ನಿನ್ನೆಯೂ ಅರ್ಧದಲ್ಲೇ ಕಟ್ಟಾಯ್ತು," ಎನ್ನುತ್ತ ಗೋಪೀನಾಥ ಜಾಕೆಟ್ಟನ್ನೂ ಬಿಚ್ಚದೆ ವಿನೀತಾಳ ಮೇಜಿನ ಪಕ್ಕ ಬಂದು ನಿಂತ. ಬೂಟಿಗೆ ಹತ್ತಿದ್ದ ಹಿಮ ಕರಗಿ ಕಾರ್ಪೆಟ್ಟಿನ ಮೇಲೆ ಕಪ್ಪಗೆ ಹರಡುತ್ತಿತ್ತು. "ಅದಿತಿ ಶಾಲೆಯ ಸುದ್ದಿ ಹೇಳ್ತಾ ಇದ್ದಳು. ನಡುವಿನಲ್ಲೇ ಲೈನು ಹೋಯ್ತು. ಹೋದ ವಾರವೂ ಹಾಗೇ ಆದದ್ದು."

ವಿನೀತಾ ಕಾಫಿ ಕಪ್ಪನ್ನು ಬದಿಗೆ ಸರಿಸಿದಳು. "ದೂರಿನ ಟಿಕೆಟ್ ಹಾಕಿದ್ದೀರಾ ಗೋಪಿಯಣ್ಣ?"

"ಹಾಕಿದ್ದೇನೆ. ನಿನ್ನ ಹೆಸರಿಗೇ ಬಂದಿರ್ತದೆ. ಸ್ವಲ್ಪ ಬೇಗ ನೋಡು ಮಾರಾಯ್ತಿ. ವಾರಕ್ಕೊಂದು ಸಲ ಸಿಗುದು ಮಗಳ ಸ್ವರ, ಅದೂ ಅರ್ಧ ಅಂದ್ರೆ ಎಂತ ಮಾಡುದು."

ಸ್ವರ ಸೋತಿತ್ತು. ಅವನು ಸಾಮಾನ್ಯವಾಗಿ ನಗುನಗುತ್ತಲೇ ಮಾತಾಡುವವನು. ವಿನೀತಾ ಈ ಕಂಪನಿಗೆ ಸೇರಿದ್ದೇ ಅವನಿಂದ. ನಾಲ್ಕು ವರ್ಷದ ಹಿಂದೆ ಅವಳು ಉಡುಪಿಯಿಂದ ಸ್ವೀಡನ್ನಿಗೆ ಬಂದು ಸ್ಟಾಕ್‌ಹೋಮ್ ಪಕ್ಕದ ಸೊಲ್ಲೆಂಟುನಾದಲ್ಲಿ ಬಾಡಿಗೆ ಮನೆ ಹಿಡಿದು ಕೆಲಸ ಹುಡುಕುತ್ತಿದ್ದಾಗ, ಪರಿಚಯದವರ ಪರಿಚಯ ಎಂಬಷ್ಟೇ ಸಂಬಂಧದಲ್ಲಿ ಈ ಪುತ್ತೂರಿನ ಮನುಷ್ಯ ಅವಳ ಕಾಗದಗಳನ್ನು ತನ್ನ ಬಾಸ್ ಕೈಗೆ ತಲುಪಿಸಿದ್ದ. ಅವಳ ಮಗ ನೀಲ್ ಹುಟ್ಟಿದಾಗ ಅವನೂ ಅವನ ಹೆಂಡತಿ ಶೋಭನಾಳೂ ತಾವಿದ್ದ ವೆಸ್ಟೆರಾಸ್‌ನಿಂದ ರೈಲಿನಲ್ಲಿ ಮೆಂತೆ ಗಂಜಿ ಹೊತ್ತು ತಂದಿದ್ದರು. ವಿನೀತಾಳ ಗಂಡ ಸ್ಟ್ಯಾನಿಗೆ ಚಳಿಗಾಲದ ಟಯರು ಹಾಕಿಸುವುದನ್ನೂ, ಹಿಮದ ಮೇಲೆ ಬ್ರೇಕು ತುಳಿಯಬಾರದೆಂಬುದನ್ನೂ ಕಲಿಸಿದವನು ಅವನೇ.

ಈ ವರ್ಷದ ಮಾರ್ಚಿನಲ್ಲಿ ಶೋಭನಾ ಮಗಳನ್ನು ಕರೆದುಕೊಂಡು ಮನೆ ಬಿಟ್ಟು ಹೋಗಿದ್ದಳು. ಎಲ್ಲಿಗೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕತ್ತಲೆಯ ದೇಶ, ಮನೆಯೊಳಗೇ ಕೂತು ತಲೆ ಕೆಟ್ಟಿರಬೇಕು ಎಂದು ಯುಗಾದಿಯ ದಿನ ಕೂಡಿದ್ದ ಕನ್ನಡದವರು ಪಿಸುಗುಟ್ಟಿಕೊಂಡಿದ್ದರು. ಗೋಪೀನಾಥ ಮಾತ್ರ ಹೆಂಡತಿಯ ಮೇಲೆ ಒಂದು ಕೆಟ್ಟ ಮಾತು ಆಡಿರಲಿಲ್ಲ. ಎಲ್ಲರೆದುರು ಪಾಯಸ ಬಡಿಸಿ, ತಟ್ಟೆಗಳನ್ನು ತೊಳೆದು, ಕೊನೆಯ ರೈಲಿಗೆ ಮುಂಚೆ ಹೊರಟಿದ್ದ. ಅಂದಿನಿಂದ ವಿನೀತಾ ವಾರಕ್ಕೊಮ್ಮೆ ಅವನಿಗೆಂದು ಒಂದು ಡಬ್ಬಿ ಹೆಚ್ಚು ಕಟ್ಟಿ ತರುತ್ತಿದ್ದಳು. ಬೇಸಿಗೆಯ ನಂತರ ಭಾನುವಾರಗಳಂದು ಅದಿತಿ ಅಪ್ಪನಿಗೆ ಫೋನು ಮಾಡತೊಡಗಿದ್ದಾಳೆಂದು ಗೊತ್ತಾದಾಗ ಅವಳಿಗೆ ನಿಜವಾಗಿ ಸಮಾಧಾನವಾಗಿತ್ತು. ಫೋನಿನ ಮೇಲೆ ನಂಬರು ಬರುತ್ತಿರಲಿಲ್ಲ. "ಹೆಮ್ಲಿಗ್ಟ್ ನುಮ್ಮೆರ್" ಎಂದು, ಗುಟ್ಟಿನ ನಂಬರು ಎಂದಷ್ಟೇ ಬರುತ್ತಿತ್ತು.

"ಆಯ್ತು, ಈಗಲೇ ನೋಡ್ತೇನೆ," ಎಂದಳು ವಿನೀತಾ.

ಅವರದು ಸಣ್ಣ ಫೋನ್ ಕಂಪನಿ. ದೊಡ್ಡ ಕಂಪನಿಗಳ ಗಿರಾಕಿಗಳನ್ನು ಹಳೆಯ ನಂಬರಿನ ಸಮೇತ ತಮ್ಮ ಕಡೆಗೆ ಎಳೆದುಕೊಳ್ಳುವುದೇ ಅದರ ವ್ಯಾಪಾರ. ನಂಬರುಗಳು ಹೀಗೆ ಕಂಪನಿಯಿಂದ ಕಂಪನಿಗೆ ಹಾರತೊಡಗಿದ ಮೇಲೆ, ಒಂದು ನಂಬರನ್ನು ಬರೀ ನೋಡಿ ಅದು ಯಾರ ನೆಟ್‌ವರ್ಕಿನಲ್ಲಿದೆ ಎಂದು ಹೇಳಲು ಬರುವುದಿಲ್ಲ. ಯಾರಾದರೂ ನಂಬರು ಒತ್ತಿದ ಕೂಡಲೇ ಯಂತ್ರ ಒಂದು ದೊಡ್ಡ ಪಟ್ಟಿಯಲ್ಲಿ ಹುಡುಕುತ್ತದೆ: ಒತ್ತಿದ ಈ ನಂಬರು ಈಗ ಯಾವ ಕಂಪನಿಯಲ್ಲಿದೆ, ಕರೆಯನ್ನು ಎತ್ತ ಕಳಿಸಬೇಕು? ಆ ಪಟ್ಟಿ ಗೋಪೀನಾಥನ ಕೈಯಲ್ಲಿತ್ತು. ಅದಕ್ಕೆ ಹೆಸರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ದಾರಿ ಮಾತ್ರ ಗೊತ್ತು. ವಿನೀತಾಳದು ಇನ್ನೊಂದು ತುದಿಯ ಕೆಲಸ. ಕರೆ ಬಂದು ಮುಟ್ಟುವಾಗ, ಕರೆದವರ ನಂಬರನ್ನು ಡೈರೆಕ್ಟರಿಯಲ್ಲಿ ಹುಡುಕಿ, ಸಿಕ್ಕರೆ ಹೆಸರು ಸಮೇತ ಪರದೆಯ ಮೇಲೆ ತೋರಿಸುವುದು. ತೋರಿಸಬೇಡಿ ಎಂದು ಕರೆದವರು ಹೇಳಿದ್ದರೆ ತೋರಿಸದೆ ಇರುವುದು. ಇಬ್ಬರೂ ದಿನವಿಡೀ ನಂಬರು ಹುಡುಕುವವರೇ. ಒಬ್ಬನದು ಕರೆಯಿಸಿಕೊಳ್ಳುವವರ ನಂಬರು, ಇನ್ನೊಬ್ಬಳದು ಕರೆಯುವವರದು. ಒಬ್ಬರ ಸ್ಕ್ರೀನನ್ನು ಇನ್ನೊಬ್ಬರು ತೆರೆಯಲು ಪಾಸ್‌ವರ್ಡು ಬಿಡುತ್ತಿರಲಿಲ್ಲ.

ದೂರು ಬಂದಾಗ ಕರೆ ಬಂದ ದಾರಿಯನ್ನು ಬಿಡಿಸಿ ನೋಡುವ ಅಧಿಕಾರ ವಿನೀತಾಳಿಗಿತ್ತು. ಅವಳು ಗೋಪೀನಾಥನ ಮೊಬೈಲ್ ನಂಬರು ಹಾಕಿದಳು. ಯಂತ್ರ ಹುಡುಕುತ್ತಿರುವಾಗ ಟಿಕೆಟ್ಟನ್ನು ತೆರೆದು ಓದಿದಳು. ಗೋಪೀನಾಥ ಅವಳ ಕುರ್ಚಿಯ ಹಿಂದೆ ನಿಂತಿದ್ದ.

ಟಿಕೆಟ್ಟಿನಲ್ಲಿ ಸ್ವೀಡಿಷಿನಲ್ಲಿ ನೀಟಾಗಿ ಬರೆದಿತ್ತು: ಭಾನುವಾರದ ಕರೆಗಳು ನಡುವೆ ಕಡಿದುಹೋಗುತ್ತಿವೆ. ಕರೆಯ ದಾರಿ (ರೂಟಿಂಗ್) ತಪ್ಪಿರಬಹುದು. ಕರೆ ಮಾಡಿದವರ ಪೂರ್ತಿ ನಂಬರನ್ನು ಕೊಟ್ಟರೆ ನನ್ನ ಪಟ್ಟಿಯಲ್ಲಿ ಪರೀಕ್ಷಿಸುತ್ತೇನೆ.

ವಿನೀತಾ ಎರಡನೆಯ ಸಲ ಓದಿದಳು. ದಾರಿ ಹುಡುಕುವುದು ಕರೆಯಿಸಿಕೊಳ್ಳುವವರ ನಂಬರಿನಿಂದ. ಇಲ್ಲಿ ಕರೆಯಿಸಿಕೊಂಡವನು ಗೋಪೀನಾಥನೇ, ಅವನ ನಂಬರು ಅವನಿಗೆ ಗೊತ್ತೇ ಇದೆ. ಕರೆ ಬಂದು ಮುಟ್ಟಿದೆ, ಅಂದರೆ ದಾರಿ ಸರಿಯಾಗಿಯೇ ಇದೆ. ಕರೆದವರ ನಂಬರಿಗೂ ಅವನ ಪಟ್ಟಿಗೂ ಸಂಬಂಧವೇ ಇಲ್ಲ. ಇದು ತಿಂಗಳ ಹಿಂದೆ ಸೇರಿದ ಹುಡುಗನಿಗೂ ಗೊತ್ತಿರುವ ಮಾತು. ಗೋಪೀನಾಥ ಈ ಕೆಲಸ ಮಾಡುತ್ತ ಕೂದಲು ನೆರೆಸಿಕೊಂಡವನು.

ಅಷ್ಟರಲ್ಲಿ ಸ್ಕ್ರೀನಿನ ಮೇಲೆ ಭಾನುವಾರದ ಕರೆಗಳು ಸಾಲಾಗಿ ಬಂದವು. ಎಲ್ಲವೂ ಚೆನ್ನಾಗಿ ಶುರುವಾಗಿ ಚೆನ್ನಾಗಿ ಮುಗಿದಿದ್ದವು. ಕೊನೆಯ ಕಾಲಮ್ಮಿನಲ್ಲಿ ಪ್ರತಿ ಸಾಲಿಗೂ ಒಂದೇ ಮಾತು: ಕರೆ ಮಾಡಿದವರು ಮುಗಿಸಿದ್ದಾರೆ. ಲೈನು ಎಲ್ಲೂ ಕಡಿದಿರಲಿಲ್ಲ. ಆ ಕಡೆಯಲ್ಲಿ ಯಾರೋ ಫೋನು ಇಟ್ಟಿದ್ದರು.

"ಫಾಲ್ಟ್ ಇಲ್ಲ ಗೋಪಿಯಣ್ಣ," ಎಂದಳು ವಿನೀತಾ. "ಅವರೇ ಇಟ್ಟದ್ದು."

ಹೇಳುತ್ತ ಸ್ಕ್ರೀನಿನ ಆ ಪುಟ ಮುಚ್ಚಲು ಮೌಸನ್ನು ಮೂಲೆಗೆ ಒಯ್ದಳು. ಆಗ ಅವಳ ಕೈ ಮೇಲೆ ಗೋಪೀನಾಥನ ಕೈ ಬಂದು ಕೂತಿತು. ಒರಟಾಗಿ ಅಲ್ಲ. ನೋಯಲೂ ಇಲ್ಲ. ಅವಳ ಬೆರಳುಗಳ ಮೇಲೆ ಬೆರಳಿಟ್ಟು ಅವನು ಮೌಸನ್ನು ಎಡಕ್ಕೆ ಎಳೆದ, ತನ್ನದೇ ವಸ್ತುವೊಂದನ್ನು ಜಾಗಕ್ಕೆ ಇಡುವಂತೆ. ಸ್ಕ್ರೀನು ಸರಿದು ಮೊದಲ ಕಾಲಮ್ಮು ಕಾಣಿಸಿತು. ತೋರಿಸಬಾರದೆಂಬ ಗುರುತು ಇದ್ದ ನಂಬರುಗಳಲ್ಲಿ ಊರಿನ ಕೋಡು ಮಾತ್ರ ಕಾಣುತ್ತಿತ್ತು, ಉಳಿದ ಅಂಕೆಗಳ ಜಾಗದಲ್ಲಿ ಚುಕ್ಕಿಗಳಿದ್ದವು. ಚುಕ್ಕಿ ಬಿಡಿಸಬೇಕಾದರೆ ಕಾರಣ ಬರೆದು ತನ್ನ ಹೆಸರು ಹಾಕಬೇಕು.

"ಸೊನ್ನೆ ಐನೂರಿಪ್ಪತ್ತು," ಎಂದು ಗೋಪೀನಾಥ ಮೆಲ್ಲಗೆ ಓದಿದ. "ಟ್ರೋಲ್‌ಹೆಟ್ಟನ್."

"ಕೈ ತೆಗೀರಿ."

ಅವನು ತೆಗೆದ. ತೆಗೆಯುವಾಗ ತನ್ನ ಕೈ ಅಲ್ಲಿತ್ತೆಂದು ಆಗಷ್ಟೇ ಗೊತ್ತಾದವನಂತೆ ನೋಡಿದ. "ಪೂರ್ತಿ ತೆಗೆದು ತೋರಿಸು ವಿನೀತಾ. ಎರಡು ಕ್ಲಿಕ್ಕು. ಟಿಕೆಟ್ ಉಂಟಲ್ಲ, ಕಾರಣ ಅಂತ ಅದನ್ನೇ ಹಾಕು."

"ರೂಟಿಂಗಿಗೆ ಕರೆದವರ ನಂಬರು ಬೇಡ. ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತುಂಟು."

ಪಕ್ಕದ ಸಾಲಿನಲ್ಲಿ ಯಾರೋ ಬೆಳಗಿನ ಫೀಕಾ ಎಂಬ ಕಾಫಿ ಬಿಡುವಿಗೆ ದಾಲ್ಚಿನ್ನಿ ಬನ್ನುಗಳ ತಟ್ಟೆ ತಂದಿಟ್ಟರು. ಅವನು ಆ ಕಡೆ ತಿರುಗಿ ಮುಗುಳ್ನಕ್ಕು, ಬರುತ್ತೇನೆ ಎಂದು ಕೈ ತೋರಿಸಿ, ಮತ್ತೆ ಅವಳ ಕಡೆ ಬಗ್ಗಿದ.

"ನನ್ನ ಮಗಳು ಎಲ್ಲಿದ್ದಾಳೆ ಅಂತ ನನಗೆ ಗೊತ್ತಿರಬಾರದಾ? ನೀಲ್‌ನನ್ನು ಸ್ಟ್ಯಾನಿ ಹೀಗೆ ಎತ್ತಿಕೊಂಡು ಹೋದ್ರೆ ನೀನು ಸುಮ್ಮನೆ ಕೂರ್ತೀಯಾ?"

ವಿನೀತಾ ಸ್ಕ್ರೀನನ್ನು ಮುಚ್ಚಿದಳು.

"ಇರಲಿ," ಎಂದ ಅವನು. "ಊರು ಗೊತ್ತಾಯ್ತಲ್ಲ. ಅಲ್ಲಿ ಎಂಜಿನ್ ಫ್ಯಾಕ್ಟರಿಯಲ್ಲಿ ನಮ್ಮವರು ಮೂರು ನಾಲ್ಕು ಮನೆ ಇದ್ದಾರೆ. ಕೇಳಿದ್ರೆ ಯಾರಾದ್ರೂ ಹೇಳ್ತಾರೆ."

ಅವನು ಬನ್ನು ತಿನ್ನಲು ಹೋದ. ಅಲ್ಲಿ ನಗುವುದೂ ಕೇಳಿಸಿತು.

ಬೆಳಗಿನ ಉಳಿದ ಹೊತ್ತು ವಿನೀತಾ ಬೇರೆ ಟಿಕೆಟ್ಟುಗಳನ್ನು ನೋಡಿದಳು. ಒಂದು ದಂತವೈದ್ಯರ ಕ್ಲಿನಿಕ್ಕಿನಲ್ಲಿ ಎಲ್ಲ ಕರೆಗಳಿಗೂ ಒಂದೇ ಹೆಸರು ಬರುತ್ತಿತ್ತು, ಅದನ್ನು ಸರಿಪಡಿಸಿದಳು. ಕೈ ಕೆಲಸ ಮಾಡುತ್ತಿದ್ದರೂ ಮನಸ್ಸು ಶೋಭನಾಳ ಸುತ್ತ ಸುತ್ತುತ್ತಿತ್ತು. ಮನೆಗೆ ಬಂದಾಗ ಕಾಫಿಯೋ ಚಹವೋ ಎಂದು ಕೇಳಿದರೆ ಶೋಭನಾ ಮೊದಲು ಗಂಡನ ಮುಖ ನೋಡುತ್ತಿದ್ದಳು. ಸ್ವೀಡಿಷ್ ಕ್ಲಾಸಿಗೆ ಯಾಕೆ ಬರುವುದಿಲ್ಲ ಎಂದು ವಿನೀತಾ ಒಮ್ಮೆ ಕೇಳಿದ್ದಕ್ಕೆ, ಗೋಪೀನಾಥನೇ, "ಅವಳಿಗೆ ಇಂಟರೆಸ್ಟ್ ಇಲ್ಲ," ಎಂದಿದ್ದ. ಆಗ ಅದರಲ್ಲಿ ಏನೂ ವಿಶೇಷ ಕಂಡಿರಲಿಲ್ಲ. ಎಷ್ಟೋ ಮನೆಗಳಲ್ಲಿ ಹಾಗೇ ಇರುತ್ತದೆ ಎಂದುಕೊಂಡಿದ್ದಳು. ಈಗಲೂ ಅವಳಿಗೆ ಏನೂ ಗೊತ್ತಿರಲಿಲ್ಲ, ಒಂದು ಕೈ ಕೇಳದೆ ಬಂದು ತನ್ನ ಕೈಯನ್ನು ಎಳೆದದ್ದು ಬಿಟ್ಟರೆ.

ಊಟದ ಹೊತ್ತಿಗೆ ಅವನಿಗೆಂದು ತಂದಿದ್ದ ಡಬ್ಬಿಯನ್ನು ಹಿಡಿದುಕೊಂಡು ಅವನ ಮೇಜಿನತ್ತ ಹೋದಳು. ಅಲ್ಲಿಗೆ ಹೋಗದಂತೆ ಮಾತಾಡಿ ಒಪ್ಪಿಸಬಹುದು ಎಂಬ ಆಸೆ ಇತ್ತು. ಕುರ್ಚಿಯ ಬೆನ್ನಿಗೆ ಜಾಕೆಟ್ಟು ಇರಲಿಲ್ಲ. ಹಲ್ಲುನೋವೆಂದು ಹೊರಟುಹೋದ ಎಂದು ಪಕ್ಕದವನು ಹೇಳಿದ.

ಸ್ಟಾಕ್‌ಹೋಮ್‌ನಿಂದ ಟ್ರೋಲ್‌ಹೆಟ್ಟನ್‌ಗೆ ರೈಲಿನಲ್ಲಿ ಮಧ್ಯಾಹ್ನವೆಲ್ಲ ಹಿಡಿಯುತ್ತದೆ.

ವಿನೀತಾ ಡಬ್ಬಿಯನ್ನು ಅಲ್ಲೇ ಇಟ್ಟು ತನ್ನ ಜಾಗಕ್ಕೆ ಮರಳಿದಳು. ಬಾಸ್ ಗುನಿಲ್ಲಾ ಊರಲ್ಲಿರಲಿಲ್ಲ. ಗ್ಯೋಟೆಬೊರಿಯಲ್ಲಿ ಮೀಟಿಂಗು ಮುಗಿಸಿ ಸಂಜೆ ಬರುವವಳಿದ್ದಳು, ಫೋನು ಎತ್ತಲಿಲ್ಲ. ಪೊಲೀಸರಿಗೆ ಹೇಳಬಹುದು. ಏನೆಂದು? ತನ್ನ ಮಗಳನ್ನು ನೋಡಲು ಒಬ್ಬ ಅಪ್ಪ ರೈಲು ಹತ್ತಿದ್ದಾನೆ, ಅವಳ ಮನೆ ಎಲ್ಲಿದೆಯೆಂದು ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ ಎಂದೇ? ಟ್ರೋಲ್‌ಹೆಟ್ಟನ್ನಿನಲ್ಲಿದ್ದ ಕನ್ನಡದವರ ಪರಿಚಯ ಅವಳಿಗಿರಲಿಲ್ಲ. ಅವರಿವರನ್ನು ಕೇಳಿ ಹುಡುಕಿದರೆ ಗೋಪೀನಾಥನಿಗೆ ತಾನೇ ದಾರಿ ಮಾಡಿಕೊಟ್ಟಂತೆ ಆಗುತ್ತಿತ್ತು.

ಉಳಿದದ್ದು ಚುಕ್ಕಿಗಳ ಹಿಂದಿದ್ದ ನಂಬರು. ಅದನ್ನು ಬಿಡಿಸಿದರೆ ತಾನೂ ಅವನು ಕೇಳಿದ್ದನ್ನೇ ಮಾಡಿದಂತೆ ಎಂದು ಅವಳಿಗೆ ಗೊತ್ತಿತ್ತು. ಕೆಲಸ ಹೋಗಬಹುದು. ಪರ್ಮನೆಂಟ್ ವೀಸಾದ ಅರ್ಜಿ ಇನ್ನೂ ಕಚೇರಿಯಲ್ಲೇ ಇತ್ತು, ಅದು ನಿಂತದ್ದೂ ಈ ಕೆಲಸದ ಮೇಲೆಯೇ. ಲ್ಯಾಬಿನಲ್ಲಿ ಸ್ಟ್ಯಾನಿಗಿದ್ದದ್ದು ಅರ್ಧ ದಿನದ ಹಂಗಾಮಿ ಕೆಲಸ.

ಅವಳು ಸ್ಟ್ಯಾನಿಗೆ ಫೋನು ಮಾಡಿದಳು. ಕೊಂಕಣಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದಳು. ಅವನು ಕೇಳಿಸಿಕೊಂಡು, "ಗೋಪಿಯಣ್ಣ ಅಂಥವರಲ್ಲ," ಎಂದ. ಆಮೇಲೆ, "ನಿನಗೆ ಯಾಕೆ ಹೆದರಿಕೆ ಆದದ್ದು?" ಎಂದು ಕೇಳಿದ.

"ಗೊತ್ತಿಲ್ಲ. ಕೈ ತೆಗೀರಿ ಅಂತ ನಾನು ಹೇಳಬೇಕಾಯ್ತು."

ಸ್ಟ್ಯಾನಿಯ ಹಿಂದೆ ಯಂತ್ರವೊಂದು ಗಿರಗಿರ ತಿರುಗುವ ಸದ್ದಿತ್ತು. "ನೀಲ್‌ನನ್ನು ಶಿಶುವಿಹಾರದಿಂದ ನಾನೇ ಕರ್ಕೊಂಡು ಬರ್ತೇನೆ," ಎಂದ ಕೊನೆಗೆ. "ನೀನು ನಿನ್ನ ಕೆಲಸ ಮುಗಿಸಿ ಬಾ."

ಕಾರಣ ಬರೆಯುವ ಜಾಗದಲ್ಲಿ ಅವಳು ಟಿಕೆಟ್ಟಿನ ನಂಬರು ಹಾಕಲಿಲ್ಲ. "ಕರೆ ಮಾಡಿದವರನ್ನು ಎಚ್ಚರಿಸಲು. ವಿವರ ಗುನಿಲ್ಲಾಗೆ ಹೇಳುತ್ತೇನೆ," ಎಂದು ಬರೆದು ತನ್ನ ಹೆಸರು ಹಾಕಿದಳು. ಚುಕ್ಕಿಗಳು ಅಂಕೆಗಳಾದವು. ಅಂಗೈಯ ಮೇಲೆ ಬರೆದುಕೊಂಡು ಮೀಟಿಂಗ್ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅಲ್ಲಿ ಒಂದು ಕ್ಷಣ ತಡೆದಳು. ತನ್ನ ಮೊಬೈಲಿನಿಂದ ಮಾಡಿದರೆ ಅಲ್ಲಿ ತನ್ನ ನಂಬರು ಕಾಣುತ್ತದೆ. ಅಡಗಿಸಿ ಮಾಡಿದರೆ ಶೋಭನಾ ಎತ್ತುವುದೇ ಇಲ್ಲ. ನಂಬರು ಅಡಗಿಸದೆಯೇ ಮಾಡಿದಳು.

ಬಹಳ ಹೊತ್ತು ರಿಂಗಾದ ಮೇಲೆ ಯಾರೋ ಎತ್ತಿದರು. ಮಾತಿಲ್ಲ. ಉಸಿರು ಮಾತ್ರ.

"ಶೋಭಕ್ಕ, ನಾನು ವಿನೀತಾ. ಸೊಲ್ಲೆಂಟುನಾದ ವಿನೀತಾ. ಇಡ್ಬೇಡಿ."

"ನಿನಗೆ ಈ ನಂಬರು ಯಾರು ಕೊಟ್ಟದ್ದು?" ಸ್ವರ ಶೋಭನಾಳದೇ, ಆದರೆ ಕೆಳಗಿಳಿದಿತ್ತು.

"ಯಾರೂ ಕೊಟ್ಟದ್ದಲ್ಲ. ನಾನೇ ಆಫೀಸಿನಲ್ಲಿ ತೆಗೆದದ್ದು. ಗೋಪಿಯಣ್ಣನಿಗೆ ನಂಬರು ಗೊತ್ತಿಲ್ಲ, ಮನೆ ಗೊತ್ತಿಲ್ಲ. ಊರು ಗೊತ್ತಾಗಿದೆ. ಅದು ನನ್ನಿಂದಲೇ ಆದದ್ದು. ಈಗ ರೈಲಿನಲ್ಲಿ ಇದ್ದಾರೆ ಅಂತ ಕಾಣ್ತದೆ."

ಆ ಕಡೆ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು ಕೇಳಿಸಿತು. "ನಾನು ಪ್ರತಿ ಸಲವೂ ನಂಬರು ಅಡಗಿಸುವ ಕೋಡು ಒತ್ತಿಯೇ ಮಾಡ್ತಿದ್ದೆ ವಿನೀತಾ. ಒಂದು ಸಲವೂ ಮರೀಲಿಲ್ಲ. ಅದನ್ನು ಒತ್ತಿದ್ರೆ ಕಾಣುದಿಲ್ಲ ಅಂದಿದ್ರು."

"ಅವರ ಫೋನಿನಲ್ಲಿ ಕಾಣುದಿಲ್ಲ ಅಕ್ಕ, ಅದು ಸರಿಯೇ. ಆದ್ರೆ ನಂಬರು ಕರೆಯ ಜೊತೆಗೇ ಹೋಗ್ತದೆ. ತೋರಿಸ್ಬೇಡಿ ಅಂತ ಒಂದು ಗುರುತು ಅಂಟಿಸಿ ಕಳಿಸ್ತಾರೆ. ಕೊನೆಯಲ್ಲಿ ಇರುವವರು ಆ ಗುರುತು ನೋಡಿ ಮುಚ್ಚಬೇಕು. ಆ ಕೊನೆಯಲ್ಲಿ ಇರುವವಳು ನಾನು."

"ಅಂದ್ರೆ ನಿನಗೆ ಮೊದಲಿನಿಂದಲೂ ಕಾಣ್ತಿತ್ತು."

"ಬೇಕಂದ್ರೆ ಕಾಣ್ತಿತ್ತು. ಇವತ್ತಿನವರೆಗೆ ನೋಡಿರ್ಲಿಲ್ಲ."

ಶೋಭನಾ ಆಮೇಲೆ ಹೇಳಿದ ಮಾತು ಯಾವುದೋ ಬೇರೆಯವರ ಸುದ್ದಿಯಂತೆ ಇತ್ತು. "ಹೊಡೀಲಿಲ್ಲ ಅವರು. ಹೊಡೆದಿದ್ರೆ ಹೇಳ್ಲಿಕ್ಕೆ ಸುಲಭ ಆಗ್ತಿತ್ತು. ಕೀ ಅವರ ಹತ್ರವೇ ಇರ್ತಿತ್ತು. ಜನವರಿಯಲ್ಲಿ ಒಂದು ದಿನ ಬಟ್ಟೆ ತೆಗೀಲಿಕ್ಕೆ ಬಾಲ್ಕನಿಗೆ ಹೋದೆ. ಒಳಗಿನಿಂದ ಚಿಲಕ ಹಾಕಿದ್ರು. ನಾನು ಗಾಜು ಬಡೀತಾ ಇದ್ದೆ, ಅವರು ಟೀವಿ ನೋಡ್ತಾ ಇದ್ರು. ಅದಿತಿ ಬಂದು ತೆಗೆದಳು. ಆಮೇಲೆ ಅವರು ಎದ್ದು ನನಗೆ ಕಾಫಿ ಮಾಡಿಕೊಟ್ರು."

ವಿನೀತಾ ಅಂಗೈಯ ಮೇಲಿನ ಅಂಕೆಗಳನ್ನು ನೋಡುತ್ತ ನಿಂತಳು.

"ಮತ್ತೆ ಫೋನು ಯಾಕೆ ಮಾಡ್ತೀ ಅಂತ ನೀನು ಕೇಳಬಹುದು," ಎಂದಳು ಶೋಭನಾ. "ಅದಿತಿಗೆ ಅಪ್ಪ ಬೇಕು. ಇಲ್ಲಿ ನನಗೆ ಮನೆ ಕೊಟ್ಟ ಸೋಷಿಯಲ್ ಆಫೀಸಿನವರಿಗೆ ಹೇಳದೆ ನಾನೇ ಮಾಡ್ತಿದ್ದದ್ದು. ಮನೆಯ ಕಿಟಕಿಯಿಂದ ಎಂತ ಕಾಣ್ತದೆ ಅಂತ ಅಪ್ಪ ಅವಳನ್ನು ಕೇಳ್ತಾರೆ. ಶಾಲೆಗೆ ಹೋಗುವಾಗ ಸೇತುವೆ ಸಿಗ್ತದಾ ಅಂತ ಕೇಳ್ತಾರೆ. ಆಗ ನಾನು ಫೋನು ಇಡ್ತೇನೆ."

"ಅದಿತಿ ಈಗ ಶಾಲೆಯಲ್ಲಾ?"

"ಹೌದು. ನಾನು ಈಗಲೇ ಹೋಗ್ತೇನೆ. ಸೋಷಿಯಲ್‌ನ ಹೆಂಗಸಿಗೂ ಹೇಳ್ತೇನೆ." ಕೀಯ ಸದ್ದು ಕೇಳಿಸಿತು. "ನಿನಗೆ ಇದರಿಂದ ತೊಂದರೆ ಆಗ್ತದಾ?"

"ಅದು ಆಮೇಲೆ. ನೀವು ಹೊರಡಿ."

ಫೋನು ಇಟ್ಟ ಮೇಲೆ ವಿನೀತಾ ಬಾತ್‌ರೂಮಿಗೆ ಹೋಗಿ ಸಾಬೂನು ಹಾಕಿ ಅಂಗೈ ತೊಳೆದಳು. ಬಾಲ್‌ಪೆನ್ನಿನ ಶಾಯಿ ಒಂದೇ ಸಲಕ್ಕೆ ಹೋಗಲಿಲ್ಲ.

ಗುನಿಲ್ಲಾ ಬಂದಾಗ ಹೊರಗೆ ಕತ್ತಲಾಗಿತ್ತು. ವಿನೀತಾ ಮೊದಲಿನಿಂದ ಹೇಳಿದಳು, ಕೈಯ ವಿಷಯವನ್ನೂ ಬಿಡಲಿಲ್ಲ. ಗುನಿಲ್ಲಾ ಓವರ್‌ಕೋಟಿನ ಗುಂಡಿಗಳನ್ನು ಬಿಚ್ಚಿದವಳು ಕೋಟು ತೆಗೆಯುವುದನ್ನು ಮರೆತು ಕೂತಿದ್ದಳು.

"ನೀನು ಅವನನ್ನು ಹಿಂದೆ ನಿಲ್ಲಿಸಿಕೊಂಡು ಅದನ್ನು ತೆರೆಯಬಾರದಿತ್ತು," ಎಂದಳು.

"ಹೌದು."

"ಆ ಹೆಂಗಸಿಗೆ ಫೋನು ಮಾಡುವ ಅಧಿಕಾರವೂ ನಿನಗಿರಲಿಲ್ಲ. ನಾವು ನೋಡುವುದು ಲೈನು ಸರಿಪಡಿಸಲಿಕ್ಕೆ. ಅದಕ್ಕೇ ಜನ ನಮ್ಮನ್ನು ನಂಬಿ ಫೋನು ಮಾಡುತ್ತಾರೆ."

"ಗೊತ್ತು."

"ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ನನಗೆ ಗೊತ್ತಿಲ್ಲ," ಎಂದು ಗುನಿಲ್ಲಾ ಕೋಟು ತೆಗೆದಳು. "ಆದರೆ ಇದನ್ನು ನಾನು ಮೇಲೆ ಕಳಿಸಲೇಬೇಕು."

ಕಂಪನಿ ವಿನೀತಾಳಿಗೆ ಬರಹದಲ್ಲಿ ಎಚ್ಚರಿಕೆ ಕೊಟ್ಟಿತು. ಕರೆಗಳನ್ನು ಬಿಡಿಸಿ ನೋಡುವ ಅಧಿಕಾರವನ್ನು ತೆಗೆದುಕೊಂಡಿತು. ಕೆಲಸ ಉಳಿಯಿತು, ಆದರೆ ಅವಳ ಮೇಜು ಗಿರಾಕಿಗಳಿಗೆ ಕೈಪಿಡಿ ಬರೆಯುವ ವಿಭಾಗಕ್ಕೆ ಹೋಯಿತು. ಅಲ್ಲಿ ಮೊದಲು ಕೈಗೆ ಬಂದ ಹಾಳೆ ನಂಬರು ಅಡಗಿಸುವುದು ಹೇಗೆ ಎಂಬುದರ ಬಗ್ಗೆ ಇತ್ತು. "ನಿಮ್ಮ ನಂಬರು ಯಾರಿಗೂ ಕಾಣುವುದಿಲ್ಲ" ಎಂದು ಹಳೆಯ ಹಾಳೆಯಲ್ಲಿತ್ತು. ವಿನೀತಾ ಅದನ್ನು ಹೊಡೆದು, "ನೀವು ಯಾರಿಗೆ ಕರೆ ಮಾಡುತ್ತೀರೋ ಅವರ ಫೋನಿನಲ್ಲಿ ನಿಮ್ಮ ನಂಬರು ಕಾಣುವುದಿಲ್ಲ" ಎಂದು ಬರೆದಳು. ವಾಕ್ಯ ಉದ್ದವಾಯಿತೆಂದು ಮಾರ್ಕೆಟಿಂಗಿನವರು ತಕರಾರು ತೆಗೆದರು. ಅವಳು ಬಿಟ್ಟುಕೊಡಲಿಲ್ಲ.

ಗೋಪೀನಾಥ ಅಂದು ಟ್ರೋಲ್‌ಹೆಟ್ಟನ್‌ಗೆ ಹೋಗಿದ್ದು ನಿಜ. ಎಂಜಿನ್ ಫ್ಯಾಕ್ಟರಿಯ ಇಂಜಿನಿಯರೊಬ್ಬರ ಮನೆ ಹುಡುಕಿ, ಬಾಗಿಲು ತಟ್ಟಿ, ಮನೆಯವರು ಕೊಟ್ಟ ಚಹ ಕುಡಿದು ಮಾತಾಡಿದ್ದ. ಅವರು ಪಾಪ ಎಂದುಕೊಂಡು, ಗೋದಾಮಿನಂಥ ಅಂಗಡಿಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹೆಂಗಸೊಬ್ಬಳು ಕಾಲುವೆಯ ಹತ್ತಿರದ ಬಿಲ್ಡಿಂಗಿನಲ್ಲಿದ್ದಾಳೆ ಎಂದು ಹೇಳಿದ್ದರಂತೆ. ಅವನು ಹೋಗಿ ಬೆಲ್ ಒತ್ತುವಾಗ ಮನೆಯಲ್ಲಿ ಯಾರೂ ಇರಲಿಲ್ಲ. ಒಲೆಯ ಮೇಲೆ ಬೇಯುತ್ತಿದ್ದದ್ದನ್ನು ಆರಿಸಿ ಹಾಗೇ ಬಿಟ್ಟು ಹೋಗಿದ್ದರು ಎಂದು ಆಮೇಲೆ ಬೀಗ ತೆಗೆದ ಬಿಲ್ಡಿಂಗಿನವರು ಹೇಳಿದ್ದು ಸುತ್ತಿ ಬಳಸಿ ವಿನೀತಾಳ ಕಿವಿಗೂ ಬಿತ್ತು. ಆ ಮನೆಯ ಫೋನು ಆ ವಾರವೇ ನಿಂತಿತು. ಭಾನುವಾರದ ಕರೆಗಳೂ ನಿಂತವು.

ಅವನು ಕೆಲವು ವಾರ ರಜೆ ಹಾಕಿ, ಹೊಸ ವರ್ಷದ ಹೊತ್ತಿಗೆ ಬೇರೆ ಕಂಪನಿಗೆ ಹೋದ. ಹೋಗುವ ಮುಂಚೆ ತನ್ನ ವಸ್ತುಗಳನ್ನು ತೆಗೆದುಕೊಂಡು ಹೋಗಲು ಬಂದಿದ್ದ. ವಿನೀತಾ ಪ್ರಿಂಟರಿನ ಹತ್ತಿರ ನಿಂತಿದ್ದಳು. ಅವಳ ಡಬ್ಬಿಯನ್ನು ತೊಳೆದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದ. ಅದನ್ನು ಕೊಟ್ಟು ಅವನು ಕೇಳಿದ, "ನಾನು ಅಲ್ಲಿ ಎಂತ ಮಾಡ್ತಿದ್ದೆ ಅಂತ ನೀನು ಎಣಿಸಿದ್ದು?"

"ನನಗೆ ಗೊತ್ತಿಲ್ಲ ಗೋಪಿಯಣ್ಣ."

"ಮಗಳ ಮುಖ ನೋಡ್ಲಿಕ್ಕೆ ಹೋದದ್ದು. ಅಷ್ಟೇ." ಅವನ ಕಣ್ಣು ಒದ್ದೆಯಾಗಿತ್ತು. ಅದು ಸುಳ್ಳಲ್ಲ ಎಂದು ವಿನೀತಾಳಿಗೆ ಅನಿಸಿತು. "ಈಗ ಸ್ವರವೂ ಇಲ್ಲ. ನೀನು ಮಾಡಿದ್ದು ಅದು."

ಅವಳು ಡಬ್ಬಿಯ ಚೀಲವನ್ನು ಹಿಡಿದುಕೊಂಡು ನಿಂತಳು. ಅವನು ಎಲ್ಲರ ಕೈ ಕುಲುಕಿ, ಗುನಿಲ್ಲಾಳನ್ನೂ ಕಂಡು, ಮೆಟ್ಟಿಲಿಳಿದು ಹೋದ.

ಮುಂದಿನ ಯುಗಾದಿಗೆ ವಿನೀತಾ ಕೋರಿ ರೊಟ್ಟಿ ಮಾಡಿಕೊಂಡು ಹೋದಳು. ಹಬ್ಬದ ದಿನ ಕೋಳಿಯೇ ಎಂದು ಯಾರೋ ನಕ್ಕರು, ಪ್ರತಿ ವರ್ಷವೂ ನಗುತ್ತಿದ್ದಂತೆ. ಆದರೆ ಅವಳು ಕೂತ ಬೆಂಚಿನ ಪಕ್ಕದ ಜಾಗ ಬಹಳ ಹೊತ್ತು ಖಾಲಿಯೇ ಉಳಿಯಿತು. ಒಂದು ಸಂಸಾರ ಒಡೆಯಿತು ಎಂಬ ಮಾತು ಅಡಿಗೆಮನೆಯ ಕಡೆಯಿಂದ ಕೇಳಿಸಿತು. ಊಟ ಮುಗಿಯುವ ಹೊತ್ತಿಗೆ ಹೆಚ್ಚು ಪರಿಚಯವಿಲ್ಲದ ಒಬ್ಬ ಹೆಂಗಸು ಬಂದು ಪಕ್ಕದಲ್ಲಿ ಕೂತು, ಬಾಯಿಯ ಹತ್ತಿರ ಲೋಟ ಹಿಡಿದುಕೊಂಡು, "ನಂಬರು ಕಾಣದ ಹಾಗೆ ಮಾಡೋದು ಹೇಗೆ ಅಂತ ನಿಮಗೆ ಗೊತ್ತಂತೆ?" ಎಂದು ಕೇಳಿದಳು. ವಿನೀತಾ ಅವಳ ಮುಖ ನೋಡಿದಳು, ಹೆಸರು ಕೇಳಲಿಲ್ಲ. ಯಾರಿಗೆ ಕಾಣಬಾರದು, ಯಾರಿಗೆ ಕಂಡೇ ಕಾಣುತ್ತದೆ ಎಂಬ ಎರಡನ್ನೂ ನಿಧಾನವಾಗಿ ಬಿಡಿಸಿ ಹೇಳಿದಳು.

ಏಪ್ರಿಲಿನ ಒಂದು ಶನಿವಾರ ಅವರ ಬಿಲ್ಡಿಂಗಿನ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಅವರ ಸರದಿ ಇತ್ತು. ನೀಲ್ ಖಾಲಿ ಬುಟ್ಟಿಯೊಳಗೆ ಕೂತು ಸ್ವೀಡಿಷಿನಲ್ಲಿ ತನಗೆ ತಾನೇ ಹಾಡಿಕೊಳ್ಳುತ್ತಿದ್ದ. ಸ್ಟ್ಯಾನಿ ಒಣಗಿದ ಹಾಸಿಗೆ ಬಟ್ಟೆಯನ್ನು ಯಂತ್ರದಿಂದ ಎಳೆದು ಎರಡು ಮೂಲೆಗಳನ್ನು ವಿನೀತಾಳತ್ತ ಚಾಚಿದ.

"ಶೋಭಕ್ಕ ಈಗ ಎಲ್ಲಿದ್ದಾರಂತೆ?" ಎಂದು ಕೇಳಿದ.

"ನನಗೆ ಗೊತ್ತಿಲ್ಲ," ಎಂದಳು ವಿನೀತಾ.

ಇಬ್ಬರೂ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದರು. ಬೆಚ್ಚಗಿತ್ತು. ಮಡಿಸಲು ಎದುರುಬದುರು ನಡೆದು ಬಂದಾಗ ವಿನೀತಾ ತನ್ನ ಮೂಲೆಗಳನ್ನು ಅವನ ಕೈಗೆ ಕೊಟ್ಟು, ಕೆಳಗೆ ಜೋತಾಡುತ್ತಿದ್ದ ಮಡಿಕೆಯನ್ನು ಹಿಡಿಯಲು ಬಗ್ಗಿದಳು.